ಟೈಲರನ ಬಲದವಡೆ

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದ ಸ್ವಲ್ಪ ಹೊತ್ತಿಗೇ ಟೈಲರನ ಕಪಾಳಕ್ಕೆ ಏಟು ಬಿತ್ತು. ಹೊಡೆದವನು ಒಡಹುಟ್ಟಿದ ತಮ್ಮ. ನಾವು ಹೋದಾಗ ಟೈಲರ್ ಹೊಲಿಗೆ ಯಂತ್ರದ ಮುಂದೆ ಕೆನ್ನೆ ಹಿಡಿದು ಕೂತಿದ್ದ. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ.

"ದವಡೆ ಮುರಿದುಬಿಟ್ಟ," ಎಂದ, ಹಲ್ಲಿನ ಸಂದಿಯಿಂದಲೇ.

ನಾನು ಠಾಣೆಯ ದಫೇದಾರ. ಹೊಡೆದವನಿದ್ದಾನೆ, ಹೊಡೆಸಿಕೊಂಡವನಿದ್ದಾನೆ, ನೋಡಿದ ಗಿರಾಕಿಗಳಿದ್ದಾರೆ. ತಮ್ಮನೂ ಇಲ್ಲವೆನ್ನಲಿಲ್ಲ. ಇನ್ನೇನು ಬೇಕು? ಮೂಳೆ ಮುರಿದಿದೆಯೆಂದು ಡಾಕ್ಟರು ಬರೆದುಕೊಡಬೇಕು, ಅಷ್ಟೇ. ಬರೆದರೆ ತಮ್ಮ ಜೈಲಿಗೆ. ಮುಂದಿನ ತಿಂಗಳು ಅವನ ಮದುವೆ. ಹುಡುಗಿಯ ಅಪ್ಪ ಆಗಲೇ ಫೋನು ಮಾಡಿದ್ದರು— "ಒಳಗೆ ಹಾಕೋದಾದ್ರೆ ಈಗಲೇ ಹೇಳಿಬಿಡಿ. ನಮ್ಮ ದಾರಿ ನಾವು ನೋಡ್ಕೊತೀವಿ."

ಟೈಲರ್, ಅವನ ಹೆಂಡತಿ, ತಮ್ಮ, ಒಬ್ಬ ಪೇದೆ— ಎಲ್ಲರನ್ನೂ ಜೀಪಿಗೆ ಹತ್ತಿಸಿಕೊಂಡು ಆಸ್ಪತ್ರೆಗೆ ಹೋದೆ.

ದವಡೆಯ ಡಾಕ್ಟರಮ್ಮನಿಗೆ ಯಾವುದಕ್ಕೂ ಅವಸರವಿಲ್ಲ. ಟೈಲರನ ಎರಡೂ ಕಿವಿಗಳ ಮುಂದೆ ಬೆರಳಿಟ್ಟು, "ಆದಷ್ಟು ತೆರೀರಿ," ಎಂದರು. ಟಾರ್ಚು ಬಿಟ್ಟು ಒಳಗೆ ಬಹಳ ಹೊತ್ತು ನೋಡಿದರು. ನಾಲಿಗೆ, ಕೆನ್ನೆಯ ಒಳಭಾಗ, ಒಂದೊಂದೇ ಹಲ್ಲು.

"ಏಟು ಎಲ್ಲಿಗೆ ಬಿತ್ತು?"

ಟೈಲರ್ ಎಡಗೆನ್ನೆ ತೋರಿಸಿದ.

"ನೋವು ಎಲ್ಲಿ?"

ಬಲಗಿವಿಯ ಮುಂದೆ ಬೆರಳಿಟ್ಟ.

"ದಫೇದಾರ್ರೇ, ಇವರು ಬಾಯಿ ತೆರೆಯುವಾಗ ಗದ್ದ ಯಾವ ಕಡೆಗೆ ಹೋಗುತ್ತೆ, ನೋಡಿ."

ನೋಡಿದೆ. ಬಲಕ್ಕೆ ಎಳೆಯುತ್ತಿತ್ತು.

"ಜೋಡೆತ್ತಲ್ಲಿ ಒಂದು ನಿಂತ್ರೆ ಗಾಡಿ ಆ ಕಡೆಗೇ ತಿರುಗಲ್ವಾ? ಹಾಗೆ. ಬಲಗಡೆ ಕೀಲು ಹಿಡ್ಕೊಂಡಿದೆ."

"ಏಟು ಎಡಕ್ಕೆ, ರೋಗ ಬಲಕ್ಕೆ. ಅಂದ್ರೆ ಸುಳ್ಳು ದೂರು?" ನನ್ನ ದನಿ ಏರಿತು. "ಏನಯ್ಯಾ, ಆಟ ಆಡ್ತಿದ್ದೀಯಾ?"

"ಕೂಗಬೇಡಿ. ಎಡಕ್ಕೆ ಬಿದ್ದ ಏಟಿಗೆ ಬಲಗಡೆ ಮೂಳೆ ಸೀಳೋದೂ ಉಂಟು. ಅದಕ್ಕೇ ಸ್ಕ್ಯಾನು. ಮೂಳೆಗೆ ಒಂದು. ಒಳಗಿನ ಮೆತ್ತನೆ ಭಾಗಕ್ಕೆ ಇನ್ನೊಂದು— ಅದನ್ನ ಬಾಯಿ ಮುಚ್ಚಿಸಿ ಒಮ್ಮೆ, ತೆರೆಸಿ ಒಮ್ಮೆ ತೆಗೀಬೇಕು."

ಟೈಲರನನ್ನು ಒಳಗೆ ಕರೆದೊಯ್ದರು. ಡಾಕ್ಟರಮ್ಮ ಅವನ ಹೆಂಡತಿಯ ಪಕ್ಕದ ಬೆಂಚಿನಲ್ಲಿ ಕೂತರು.

"ಇವರಿಗೆ ಮೊದಲು ಏನಾದ್ರೂ ತೊಂದರೆ ಇತ್ತೇನಮ್ಮಾ?"

"ಕಿವಿನೋವು ಅಂತಿದ್ರು. ಕಿವಿ ಡಾಕ್ಟರು ನೋಡಿ, ಕಿವಿ ಚೆನ್ನಾಗಿದೆ ಅಂದ್ರು."

"ಊಟ ಮಾಡುವಾಗ?"

"ಅಯ್ಯೋ, ಅದೊಂದು ತಮಾಷೆ. ದವಡೆ ಟಕ್ ಟಕ್ ಅಂತಿತ್ತು. ಪಕ್ಕದಲ್ಲಿ ಕೂತೋರಿಗೂ ಕೇಳೋದು. ನಾದಿನಿ ಮಕ್ಕಳು ಅಣಕಿಸೋವು."

"ಈಗಲೂ ಬರುತ್ತಾ?"

"ಇಲ್ಲ, ಹೋದ ವಾರ ತಾನಾಗೇ ನಿಂತುಹೋಯ್ತು. ಸದ್ಯ, ವಾಸಿಯಾಯ್ತು ಅಂದ್ಕೊಂಡೆ." ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆ ನೆಮ್ಮದಿ ನಾಲ್ಕು ದಿನ ಇರ್ಲಿಲ್ಲ ನೋಡಿ. ನಮ್ಮ ಮಾವನವರೂ ಕೊನೆಗೆ ಬಾಯಿ ತೆರೆಯೋಕಾಗದೇ ಹೋದೋರು. ಅವರಿಗೆ ಕ್ಯಾನ್ಸರು. ಇವರಿಗೆ ಈ ಗತಿ."

ನನಗೆ ತಾಳ್ಮೆ ತಪ್ಪುತ್ತಿತ್ತು. ಏಟಿನ ಕೇಸಿನಲ್ಲಿ ಮಾವನ ಕಥೆ, ಊಟದ ಸದ್ದು— ಇದೆಲ್ಲ ಯಾಕೆ? ಡಾಕ್ಟರಮ್ಮ ಎದ್ದು, ಪೇದೆಯ ಪಕ್ಕ ತಲೆ ತಗ್ಗಿಸಿ ನಿಂತಿದ್ದ ತಮ್ಮನ ಹತ್ತಿರ ಹೋದರು.

"ಯಾಕಪ್ಪಾ ಹೊಡೆದೆ?"

"ಭಾನುವಾರ ಹುಡುಗಿ ಮನೇಲಿ ಊಟ. ಅವರಪ್ಪ ನಿಂತು ಬಡಿಸಿದ್ರು. ಅಣ್ಣ ಒಂದು ತುತ್ತು ಮುಟ್ಟಲಿಲ್ಲ. ಏನು ಕೇಳಿದ್ರೂ ಬರೀ ತಲೆ ಆಡಿಸ್ದ. ಅವರ ಮುಖ ಸಣ್ಣದಾಯ್ತು."

"ಯಾಕೆ ಅಂತ ಕೇಳಿದ್ಯಾ?"

"ಕೇಳ್ದೆ. ಇವತ್ತೂ ಕೇಳ್ದೆ. ಕತ್ರಿ ಹಿಡ್ಕೊಂಡು ಬಟ್ಟೆ ನೋಡ್ತಾ ಕೂತ. ಈ ಸಂಬಂಧ ನಿಂಗೆ ಇಷ್ಟ ಇಲ್ವಾ, ಬಾಯಿಬಿಟ್ಟು ಹೇಳು ಅಂದೆ. ಮಾತಿಲ್ಲ. ಕೈ ತಡೀಲಿಲ್ಲ."

"ದೊಡ್ಡ ಗಂಡಸು," ಎಂದೆ ನಾನು.



ಮಧ್ಯಾಹ್ನ ಡಾಕ್ಟರಮ್ಮ ಎಲ್ಲರನ್ನೂ ತಮ್ಮ ಕೋಣೆಗೆ ಕರೆದು, ಚಿತ್ರಗಳನ್ನು ದೀಪದ ಫಲಕಕ್ಕೆ ಸಿಕ್ಕಿಸಿದರು.

"ಇದು ಮೂಳೆ. ಬಿರುಕು ಎಲ್ಲೂ ಇಲ್ಲ. ಆದ್ರೆ ಬಲಗಡೆ ಕೀಲಿನ ತಲೆ ನೋಡಿ— ಎಡದ್ದು ದುಂಡಗಿದೆ, ಇದು ಚಪ್ಪಟೆಯಾಗಿದೆ. ಒಂದು ಏಟಿಗೆ ಆಗೋದಲ್ಲ, ವರ್ಷಗಟ್ಟಲೆ ಸವೆತ."

"ಹಾಗಾದ್ರೆ ಬಾಯಿ ಯಾಕೆ ತೆರೆಯಲ್ಲ?"

"ಈ ಎರಡು ಚಿತ್ರ ನೋಡಿ. ಕೀಲಿನ ಮೂಳೆಗಳ ನಡುವೆ ಒಂದು ಮೆತ್ತೆ ಇರುತ್ತೆ. ಬಾಯಿ ಮುಚ್ಚಿದ ಚಿತ್ರದಲ್ಲಿ ಅದು ಮುಂದಕ್ಕೆ ಜಾರಿದೆ. ತೆರೆದ ಚಿತ್ರದಲ್ಲೂ ಅಲ್ಲೇ ಇದೆ— ಬಾಗಿಲಿಗೆ ಅಡ್ಡ ಬಿದ್ದ ಹಾಗೆ."

ನಾನು ಬಿಡಲಿಲ್ಲ. "ಏಟಿಗೇ ಜಾರಿರಬಹುದಲ್ಲ?"

"ಹೊಸ ಪೆಟ್ಟಾಗಿದ್ರೆ ಕೀಲಿನೊಳಗೆ ರಕ್ತ, ನೀರು ಕಾಣಬೇಕಿತ್ತು. ಇಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ಬೆಂಚಿನ ಮೇಲೆ ಸಿಕ್ತು. ನಿಮ್ಮ ಕಿವಿಗೂ ಬಿತ್ತು, ನೀವು ಗಮನಿಸಲಿಲ್ಲ."

"ಯಾವುದು?"

"ಟಕ್ ಅನ್ನೋ ಸದ್ದು. ಜಾರಿದ ಮೆತ್ತೆ ಮೇಲೆ ಮೂಳೆ ಮತ್ತೆ ಹತ್ತುವಾಗ ಬರೋ ಸದ್ದು ಅದು. ಅದು ಇರೋವರೆಗೂ ಬಾಯಿ ತೆರೆಯುತ್ತೆ. ಹೋದ ವಾರ ಸದ್ದು ನಿಂತಿತು. ನಿಂತಿದ್ದು ವಾಸಿಯಾಗಿ ಅಲ್ಲ, ಮೂಳೆ ಹತ್ತೋದನ್ನೇ ಬಿಟ್ಟಿದ್ದಕ್ಕೆ. ಬಾಯಿ ಕಟ್ಟಿದ್ದು ಆವತ್ತು. ಏಟು ಬಿದ್ದಿದ್ದು ಇವತ್ತು. ಭಾನುವಾರ ಇವರು ಉಣ್ಣದೇ ಕೂತಿದ್ದು ಯಾಕೆ ಅಂತ ಈಗ ಹೇಳಿ."

ಡಾಕ್ಟರಮ್ಮ ಫಲಕದ ದೀಪ ಆರಿಸಿದರು.

"ಏಟಿನಿಂದ ದವಡೆ ಹಿಡಿದಿದ್ದಲ್ಲ, ದಫೇದಾರ್ರೇ. ದವಡೆ ಹಿಡಿದಿದ್ದಕ್ಕೆ ಏಟು ಬಿತ್ತು."

"ಹಾಗಾದ್ರೆ ತಪ್ಪಿತಸ್ಥ ಯಾರು?"

ಡಾಕ್ಟರಮ್ಮ ಟೈಲರನ ಕಡೆ ತಿರುಗಿದರು. "ನಿಮ್ಮ ಬಲಗಡೆ ಹಲ್ಲಿನ ತುದೀಲಿ ಸಣ್ಣ ಕಚ್ಚು ಬಿದ್ದಿದೆ. ಹೊಲಿಯುವಾಗ ದಾರ ಕಡಿಯೋದು ಅಲ್ಲೇ ಅಲ್ವಾ? ಇಡೀ ದಿನ ಹಲ್ಲು ಕಚ್ಚಿಕೊಂಡೇ ಇರ್ತೀರಿ. ಕೀಲನ್ನ ತಿಂದಿದ್ದು ಆ ಅಭ್ಯಾಸ. ಕತ್ರಿ ಕೈಯಲ್ಲೇ ಇರುತ್ತಲ್ಲ, ಅದನ್ನ ಬಳಸಿ."

ನಾನು ಟೈಲರನ ಎದುರಿಗೆ ಹೋಗಿ ನಿಂತೆ. "ಗೊತ್ತಿದ್ದೂ ತಮ್ಮನ ತಲೆಗೆ ಯಾಕೆ ಕಟ್ಟಿದೆ?"

ಅವನು ನನ್ನನ್ನು ನೋಡಲಿಲ್ಲ. ಹೆಂಡತಿಯನ್ನು ನೋಡಿದ.

"ಅಪ್ಪನಿಗೂ ಹೀಗೇ ಶುರುವಾಗಿದ್ದು," ಎಂದ. "ಅದೇ ಅಂದ್ಕೊಂಡೆ. ಮದುವೆ ಮುಗೀಲಿ ಅಂತ ಯಾರಿಗೂ ಹೇಳ್ಲಿಲ್ಲ, ಮನೇಲೂ ಹೊಟ್ಟೆ ಸರಿಯಿಲ್ಲ ಅಂತ ಗಂಜಿ ಕುಡ್ಕೊಂಡಿದ್ದೆ. ಇವನು ಹೊಡೆದಾಗ... ಇದು ಏಟಿಂದಾನೇ ಆಗಿರಲಿ ದೇವರೇ ಅನ್ನಿಸ್ತು. ಬಾಯಿಗೆ ಅದೇ ಬಂತು."

"ಬಾಯೊಳಗೆಲ್ಲ ನೋಡಿದೀನಿ," ಎಂದರು ಡಾಕ್ಟರಮ್ಮ. "ಹುಣ್ಣಿಲ್ಲ, ಗಂಟಿಲ್ಲ. ನಿಮಗೆ ಆ ರೋಗ ಇಲ್ಲ. ಹಲ್ಲಿಗೊಂದು ಕವಚ, ಬಿಸಿ ಶಾಖ, ಬಾಯಿಗೆ ಸ್ವಲ್ಪ ವ್ಯಾಯಾಮ. ನಿಧಾನವಾಗಿ ತೆರೆಯುತ್ತೆ."

ಹೆಂಡತಿ ಅವನ ತೋಳಿಗೆ ಹಣೆ ಆನಿಸಿದಳು. ತಮ್ಮ ಎರಡು ಹೆಜ್ಜೆ ಮುಂದೆ ಬಂದು ನಿಂತ.

"ಅಣ್ಣಾ, ಹೇಳೋಕಾಗದಿದ್ರೆ ಬರೆದಾದ್ರೂ ತೋರಿಸಬಾರದಿತ್ತಾ?"

"ನಿನ್ನ ಮುಖ ನೋಡಿದ್ರೆ ಕೈ ಓಡ್ತಿರಲಿಲ್ಲ ಕಣೋ."

ನಾನು ಟೋಪಿ ಹಾಕಿಕೊಂಡೆ. "ಮೂಳೆ ಕೇಸು ಇಲ್ಲಿಗೆ ಮುಗೀತು. ಕಪಾಳಕ್ಕೆ ಬಿದ್ದದ್ದು?"

"ಅದು ಮನೆ ವ್ಯವಹಾರ. ನಾನೂ ಒಂದು ಬಾಕಿ ಇಟ್ಕೊಂಡಿರ್ತೀನಿ." ಟೈಲರ್ ನನ್ನ ಮುಂದೆ ಕೈ ಚಾಚಿದ. "ಫೋನ್ ಕೊಡಿ. ಬೀಗರ ಹತ್ರ ನಾನೇ ಮಾತಾಡ್ತೀನಿ."

"ಹೆಚ್ಚು ಮಾತು ಬೇಡ," ಎಂದರು ಡಾಕ್ಟರಮ್ಮ.

ಅವನು ಹೆಚ್ಚು ಆಡಲಿಲ್ಲ. ಹಲ್ಲಿನ ಸಂದಿಯಿಂದಲೇ ಹೇಳಿದ— ದವಡೆ ಹುಡುಗ ಮುರಿದದ್ದಲ್ಲ, ಭಾನುವಾರ ಉಣ್ಣದೇ ಎದ್ದದ್ದು ತನ್ನ ಕಾಯಿಲೆಗೆ, ಕಾಯಿಲೆ ಮುಚ್ಚಿಟ್ಟದ್ದು ತನ್ನದೇ ತಪ್ಪು. ಆಮೇಲೆ ಸುಮ್ಮನೆ ಕೇಳಿಸಿಕೊಳ್ಳುತ್ತಾ ನಿಂತ. ತಮ್ಮನ ಕಣ್ಣು ಅಣ್ಣನ ಮುಖವನ್ನು ಬಿಟ್ಟು ಕದಲಲಿಲ್ಲ.

ಟೈಲರ್ ಫೋನಿಗೆ ಅಂಗೈ ಅಡ್ಡ ಹಿಡಿದು ಡಾಕ್ಟರಮ್ಮನ ಕಡೆ ತಿರುಗಿದ.

"ಬರೋ ಭಾನುವಾರ ಮತ್ತೆ ಬರಬೇಕಂತೆ. ನಾನು ಏನೇನು ತಿನ್ನಬಹುದು ಅಂತ ಕೇಳ್ತಿದಾರೆ."