ಮೂರನೆಯ ಭಾನುವಾರ ಓದದ ಚೀಟಿ

"ನನ್ನ ವಾಚು ಹತ್ತು ನಿಮಿಷ ಮುಂದೆ ಓಡ್ತದೆ," ಎಂದಳು ವಿನಿಫ್ರೆಡ್.

"ಓಡಲಿ ಬಿಡಿ. ನೀವು ಹತ್ತು ನಿಮಿಷ ಮೊದಲೇ ಇಲ್ಲಿಗೆ ಬರಬಹುದಲ್ಲ," ಎಂದ ಗ್ರೆಗರಿ.

ಹಂಪನಕಟ್ಟೆಯ ಗಡಿಯಾರದ ಅಂಗಡಿಯಲ್ಲಿ ಪ್ರೀತಿ ಹುಟ್ಟಿದ್ದು ಹೀಗೆ. ಅರ್ಧ ಗಂಟೆಯ ರಿಪೇರಿಗೆ ಅವನು ಮೂರು ವಾರ ತೆಗೆದುಕೊಂಡ. ಶಾಲೆ ಬಿಟ್ಟ ಮೇಲೆ ವಿನಿಫ್ರೆಡ್ ಟೀಚರಮ್ಮ ಬರುವಳು, ಕೌಂಟರಿಗೆ ಮೊಣಕೈ ಊರಿ, "ಇವತ್ತಾದರೂ ಆಯಿತಾ?" ಎನ್ನುವಳು. ಅವನು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯಿಂದಲೇ ಅವಳನ್ನು ನೋಡುವನು.

"ಅದನ್ನು ತೆಗೆದು ನೋಡಿ ಮಾರಾಯ್ರೆ, ನಾನು ಅಷ್ಟು ದೊಡ್ಡ ಇಲ್ಲ," ಎಂದು ಅವಳು ನಕ್ಕರೆ ಅವನ ಕೈಯಿಂದ ಸ್ಕ್ರೂ ಜಾರಿ ಬೀಳುವುದು. ಆಮೇಲೆ ಇಬ್ಬರೂ ನೆಲದಲ್ಲಿ ಹುಡುಕುವುದು. ಬೇಗ ಸಿಗಬಾರದೆಂದು ಇಬ್ಬರಿಗೂ ಆಸೆ.

1962ರ ಮಂಗಳೂರು ಅದು. ಆಗ ಮನೆಗಳಲ್ಲಿ ಬೈಗುಳವೆಂದರೆ ಊಟದ ಬದಿಯ ಉಪ್ಪಿನಕಾಯಿ. ಅದಿಲ್ಲದೆ ಎಷ್ಟೋ ಗಂಡಸರಿಗೆ ಅನ್ನ ಇಳಿಯುತ್ತಿರಲಿಲ್ಲ. ಯಾರೂ ಅದನ್ನು ತಪ್ಪೆಂದು ಎಣಿಸುತ್ತಲೂ ಇರಲಿಲ್ಲ. ಆದರೆ ವಿನಿಫ್ರೆಡ್ ಒಂದನೇ ಕ್ಲಾಸಿನ ಟೀಚರ್. ಹಾಲುಹಲ್ಲಿನ ಮಕ್ಕಳು ಜಗಳದಲ್ಲಿ ಆಡುವ ಶಬ್ದ ಕೇಳಿ ಅವಳ ಮೈ ಉರಿಯುತ್ತಿತ್ತು. "ಇದನ್ನು ಯಾರು ಕಲಿಸಿದ್ದು?" ಎಂದರೆ, "ಅಮ್ಮನಿಗೆ ಅಪ್ಪ ಹೇಳುದು ಟೀಚರ್," ಎನ್ನುತ್ತಿದ್ದವು. ಅಂಥ ಮನೆಗೆ ತಾನು ಹೋಗುವುದಿಲ್ಲವೆಂದು ಅವಳು ನಿಶ್ಚಯಿಸಿದ್ದಳು.

"ನಿಮ್ಮ ಬಾಯಲ್ಲಿ ಒಂದು ಕೆಟ್ಟ ಮಾತು ನಾನು ಕೇಳಲಿಲ್ಲ. ಅದಕ್ಕೇ ಹೂಂ ಹೇಳಿದ್ದು," ಎಂದಳು, ಮದುವೆಗೆ ಒಪ್ಪಿದ ದಿನ.

ಗ್ರೆಗರಿಗೆ ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ಅವನ ಅಪ್ಪ ಅಲ್ಫೋನ್ಸರ ಬಾಯಿ ಇಡೀ ಜೆಪ್ಪು ಊರಿಗೇ ಗೊತ್ತು. ಅಮ್ಮನಿಗೆ ಎಸ್ತೆರ್ ಎಂಬ ಹೆಸರಿದ್ದದ್ದು ಇಗರ್ಜಿಯ ಪುಸ್ತಕದಲ್ಲಿ ಮಾತ್ರ. ಮನೆಯಲ್ಲಿ ಅವಳು 'ರಾಂಡೆ'. ನೀರು ತಾ ರಾಂಡೆ, ಮೀನು ಕರಟಿತು ರಾಂಡೆ. ಹತ್ತು ವರ್ಷದವನಿದ್ದಾಗಲೇ ಗ್ರೆಗರಿ ಶಿಲುಬೆ ಮುಟ್ಟಿ ಆಣೆ ಹಾಕಿದ್ದ, ಆ ಶಬ್ದ ತನ್ನ ಬಾಯಿಗೆ ಬಾರದು ಎಂದು. ಇಪ್ಪತ್ತು ವರ್ಷ ಬಂದಿರಲಿಲ್ಲ ಕೂಡ.

ಮದುವೆಗೆ ಮೊದಲು ಮೂರು ಭಾನುವಾರ ಇಗರ್ಜಿಯಲ್ಲಿ ಪಾದ್ರಿಗಳು ಚೀಟಿ ಓದುತ್ತಾರೆ: ಇಂಥವನಿಗೂ ಇಂಥವಳಿಗೂ ಮದುವೆ, ಅಡ್ಡಿ ಏನಾದರೂ ಗೊತ್ತಿದ್ದವರು ಬಂದು ಹೇಳಿ, ಎಂದು. ಎರಡನೆಯ ಚೀಟಿ ಓದಿದ ದಿನ ವಿನಿಫ್ರೆಡ್ ತಾಯಿಯ ಜೊತೆ ಗ್ರೆಗರಿಯ ಮನೆಗೆ ಬಂದಳು, ಮದುವೆಯ ಕೆಂಪು ಸೀರೆ ನೋಡಲಿಕ್ಕೆ. ಹತ್ತು ಅಂಗಡಿ ಸುತ್ತಿ ಅವನೇ ಆರಿಸಿದ ಸೀರೆ. ಮೇಜಿನ ಮೇಲೆ ಬಿಡಿಸಿಟ್ಟು ಅವನು ಅವಳನ್ನೇ ನೋಡುತ್ತ ನಿಂತ. ಅವಳೂ ಕಣ್ಣೆತ್ತಿ ನೋಡಿದಳು. ಆ ನೋಟದಲ್ಲೇ ಮೈಮರೆತು ಅವಳ ಕೈ ತಾಗಿ, ಕಾಫಿಯ ಲೋಟ ಸೀರೆಯ ಮೇಲೆ ಮಗುಚಿತು.

"ಏ ರಾಂಡೆ, ಕಣ್ಣು ಕಾಣುದಿಲ್ವಾ!"

ಕೂಗಿದ್ದು ಅಪ್ಪನೆಂದೇ ಗ್ರೆಗರಿ ಎಣಿಸಿದ. ಎಲ್ಲರೂ ತನ್ನ ಕಡೆ ತಿರುಗಿದಾಗಲೇ ತಿಳಿದದ್ದು, ಬಾಯಿ ತನ್ನದು. ಆರಾಮಕುರ್ಚಿಯಲ್ಲಿದ್ದ ಅಲ್ಫೋನ್ಸರು ತೊಡೆ ತಟ್ಟಿ ನಕ್ಕರು. "ಈಗ ನೋಡು, ನನ್ನ ಮಗ!" ಬೀಜದಂತೆ ವೃಕ್ಷ ಎಂದು ಹೆಮ್ಮೆ ಆ ಮುದುಕನಿಗೆ!

ಗ್ರೆಗರಿಯ ಅಮ್ಮ ಮಾತ್ರ ಏನೂ ಆಗದವಳ ಹಾಗೆ ಬಟ್ಟೆ ತಂದು ಕಾಫಿ ಒರೆಸಿದಳು. "ತಣ್ಣೀರು ಹಾಕಿದರೆ ಹೋಗ್ತದೆ. ನೀನು ಕೂತ್ಕೋ ಮಗಾ, ದೋಸೆ ತಣ್ಣಗಾಗ್ತದೆ," ಎಂದಳು ಮದುಮಗಳಿಗೆ. ವಿನಿಫ್ರೆಡ್ ಅವಳ ಮುಖವನ್ನೇ ನೋಡುತ್ತಿದ್ದಳು. ಗ್ರೆಗರಿಯ ಕಡೆ ತಿರುಗಲೇ ಇಲ್ಲ.

ಗುರುವಾರ ಸಂಜೆ ಬಾವುಟಗುಡ್ಡೆಗೆ ಬರಬೇಕೆಂದು ಅವನಿಗೆ ಹೇಳಿ ಕಳಿಸಿದಳು. ಅವನು ಹೋಗುವಾಗ ಒಬ್ಬಳೇ ಸಮುದ್ರದ ಕಡೆ ಮುಖ ಮಾಡಿ ಕುಳಿತಿದ್ದಳು.

"ಇನ್ನು ಜನ್ಮದಲ್ಲಿ ಹೇಳುದಿಲ್ಲ ವಿನ್ನಿ. ಎಲುಬಿಲ್ಲದ ನಾಲಿಗೆ, ಒಮ್ಮೆ ಜಾರಿತು. ಬೇಕಾದರೆ ಎರಡು ಹೊಡೆ."

"ನಾನು ಪಾದ್ರಿಗಳ ಹತ್ತಿರ ಹೋಗಿ ಬಂದೆ. ಅಡ್ಡಿ ಉಂಟು ಎಂದೆ. ಎಂತ ಅಡ್ಡಿ ಮಗಾ, ಎಂದರು. ಒಂದು ಶಬ್ದ, ಎಂದೆ. ಅವರಿಗೆ ನಗು ಬಂತು. ಅಂಥ ಅಡ್ಡಿ ಯಾವ ಪುಸ್ತಕದಲ್ಲೂ ಇಲ್ಲವಂತೆ."

"ನಿನ್ನ ಅಮ್ಮ ಎಂತ ಹೇಳಿದರು?"

"ನಾವೆಲ್ಲ ಅದನ್ನು ತಿಂದೇ ಸಂಸಾರ ಮಾಡಿದ್ದು, ನೀನೊಬ್ಬಳು ದೊಡ್ಡ ಮಹಾರಾಣಿ, ಎಂದರು."

"ನನ್ನ ಮೇಲೆ ಅಷ್ಟು ಕೋಪವಾ?"

ಅವಳು ಅವನ ಕೈ ಹಿಡಿದಳು. ಅಷ್ಟು ದಿನದಲ್ಲಿ ಅದೇ ಮೊದಲು.

"ಕೋಪ ಇದ್ದಿದ್ದರೆ ಮದುವೆ ಆಗ್ತಿದ್ದೆ, ಜಗಳ ಮಾಡಿಕೊಂಡು ಇರ್ತಿದ್ದೆ. ಪ್ರೀತಿ ಉಂಟು ಗ್ರೆಗರಿ, ಅದೇ ಹೆದರಿಕೆ. ಪ್ರೀತಿಯಲ್ಲಿ ಮೊದಲನೆಯದನ್ನು ಕ್ಷಮಿಸ್ತೇನೆ, ಎರಡನೆಯದನ್ನೂ ಕ್ಷಮಿಸ್ತೇನೆ. ಮತ್ತೆ ಒಂದು ದಿನ ನಿಮ್ಮ ಅಮ್ಮನ ಹಾಗೆ ನಂಗೆ ಕೇಳುದೇ ಇಲ್ಲ. ನೀವು ಬೈದದ್ದಕ್ಕಿಂತ, ಅದು ಅವರಿಗೆ ಕೇಳದೇ ಹೋಯಿತಲ್ಲ, ಅದನ್ನು ನೋಡಿ ನನ್ನ ಜೀವ ಹೋಯಿತು."

ಗ್ರೆಗರಿಗೆ ಅಳು ತಡೆಯಲಾಗಲಿಲ್ಲ. ಅವಳು ತನ್ನ ಕರ್ಚೀಫಿನಿಂದ ಅವನ ಕಣ್ಣು ಒರೆಸಿದಳು, ತನ್ನದನ್ನು ಒರೆಸಿಕೊಳ್ಳಲಿಲ್ಲ. ಮತ್ತೆ ಕೈ ಬಿಡಿಸಿಕೊಂಡು ಗುಡ್ಡೆ ಇಳಿದಳು.

ಮೂರನೆಯ ಭಾನುವಾರ ಪಾದ್ರಿಗಳು ಬೇರೆ ಎರಡು ಜೋಡಿಗಳ ಚೀಟಿ ಓದಿದರು. ಗ್ರೆಗರಿಯ ಹೆಸರು ಬರಲಿಲ್ಲ. ಇಗರ್ಜಿಯ ತುಂಬ ತಲೆಗಳು ತಿರುಗಿದವು.

ಮನೆಗೆ ಬಂದ ಮೇಲೆ ಅಮ್ಮ ಬಂಗುಡೆ ಮೀನು ಕೊಯ್ಯುತ್ತ ಕೇಳಿದಳು. "ನೀನು ಅವಳಿಗೆ ಎಂತ ಮಾಡಿದೆ? ಸತ್ಯ ಹೇಳು."

"ಅವತ್ತು ಆ ಶಬ್ದ ಹೇಳಿದೆನಲ್ಲ ಅಮ್ಮ, ಅದಕ್ಕೆ."

"ಯಾವ ಶಬ್ದ?"

ಅಯ್ಯೋ ದೇವರೇ! ಗ್ರೆಗರಿ ನೆಲ ನೋಡುತ್ತ ಅದನ್ನು ಹೆತ್ತ ತಾಯಿಗೆ ಹೇಳಿ ತೋರಿಸಬೇಕಾಯಿತು.

ಅಮ್ಮನ ಕೈಯ ಕತ್ತಿ ನಿಂತಿತು. "ಅಷ್ಟಕ್ಕೆ ಹೆಣ್ಣು ಬಿಟ್ಟು ಹೋಗಬಹುದಾ ಗ್ರೆಗರಿ?" ಎಂದಳು. ಹಂಗಿಸಿ ಕೇಳಿದ್ದಲ್ಲ, ನಿಜವಾಗಿ ಗೊತ್ತಿಲ್ಲದೆ ಕೇಳಿದ್ದು.

ಅವನು ಉತ್ತರ ಕೊಡುವ ಮೊದಲೇ ಜಗಲಿಯಿಂದ ಅಪ್ಪ ಅದೇ ಶಬ್ದ ಹಿಡಿದು ಕೂಗಿದರು, ಗಂಜಿ ಎಲ್ಲಿ ಎಂದು. ಅಮ್ಮನ ಮುಖ ಕುತ್ತಿಗೆಯವರೆಗೂ ಕೆಂಪಾಯಿತು. ಮೂವತ್ತು ವರ್ಷದಲ್ಲಿ ಗ್ರೆಗರಿ ಅದನ್ನು ನೋಡಿರಲಿಲ್ಲ. ಮಗನ ಎದುರು ತಲೆ ಎತ್ತಲಾಗದೆ ಅವಳು ಮೀನಿನ ಕೈಯಲ್ಲೇ ಸೆರಗು ಎಳೆದು ಮುಖ ಮುಚ್ಚಿಕೊಂಡಳು. ಅಪ್ಪ ಇನ್ನೊಮ್ಮೆ ಕೂಗಿದಾಗ, ಎದ್ದು ಗಂಜಿ ಬಡಿಸಲು ಹೋದಳು.