ಮೇಲೆ ಬಲೆ ಇತ್ತ್

"ಒಳಗೆ ಯಾರಿದ್ದಾರೆ?" ಎಂದು ಜಲಾಂತರ್ಗಾಮಿ ಕೇಳಿತು.

"ನಾನು, ಚರಣ್ ಮೊಗವೀರ, ಒಳಗೆ ಇದ್ದೇನೆ," ಎಂದು ಚರಣಣ್ಣ ಭಾಷಣ ಸ್ಪರ್ಧೆಗೆ ನಿಂತವರಂತೆ ಉತ್ತರಿಸಿದರು.

"ಸ್ವಾಗತ. ಮೇಲೆ ಅಡ್ಡಿ ಇದೆಯೇ?"

"ಮೇಲೆ ಯಾವುದೇ ಅಡ್ಡಿ ಇರುವುದಿಲ್ಲ."

ದಡದಲ್ಲಿ ನಿಂತು ಕೇಳುತ್ತಿದ್ದ ಅವರ ಹೆಂಡತಿ ಸುಪ್ರೀತಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ಕಾಣಿ ಡಾಕ್ಟ್ರೆ, ನಮ್ಮವ್ರ್ ಟೀವಿ ವಾರ್ತೆ ಓದುಕ್ ಕೂಕಂಡ ಹಾಂಗೆ ಮಾತಾಡ್ತ್ರ್!"

ಆ ಯಂತ್ರ ಕಟ್ಟಿದ 'ಡಾಕ್ಟ್ರು' ಮೇದಿನಿ ಹಂದೆಯೂ ನಕ್ಕಳು. ಆಮೇಲೆ ಎಷ್ಟೋ ಸಲ ಈ ನಗುವಿಗಾಗಿ ತನ್ನನ್ನೇ ಶಪಿಸಿಕೊಂಡಳು.

ಅದು ಈ ಶತಮಾನದ ಅರವತ್ತರ ದಶಕ. ಚರಣ್, ಪ್ರಜ್ವಲ್, ರಕ್ಷಿತ್ ಎಂಬುವೆಲ್ಲ ಅಜ್ಜಂದಿರ ಹೆಸರುಗಳಾಗಿದ್ದವು. ಕುಂದಾಪುರದ ಕೋಡಿಯಲ್ಲಿ ಮೇಲ್ನೀರಿನ ಮೀನು ಮುಗಿದು, ಆಳದ ಬಂಡೆಗಳಿಗೆ ಅಂಟಿದ ಪಚ್ಚಿಲೆ ಎಂಬ ಚಿಪ್ಪುಮೀನೇ ಜನರಿಗೆ ಗತಿಯಾಗಿತ್ತು. ಗಾಳಿಕೊಳವೆ ಹಿಡಿದು ಅಷ್ಟು ಆಳಕ್ಕೆ ಮುಳುಗಿ ಗಡಿಬಿಡಿಯಲ್ಲಿ ಮೇಲೆ ಬಂದವರ ರಕ್ತದಲ್ಲಿ ಗಾಳಿಯ ಗುಳ್ಳೆ ಎದ್ದು ಕೈಕಾಲು ಸೆಟೆದುಕೊಳ್ಳುತ್ತಿತ್ತು. ಸಾಗರ ಸಂಶೋಧನೆಯ ಕೆಲಸ ಬಿಟ್ಟು ಊರಿಗೆ ಮರಳಿದ್ದ ಮೇದಿನಿ, ಮುಚ್ಚಿಹೋದ ಹೆಂಚಿನ ಕಾರ್ಖಾನೆಯೊಂದರ ಚಪ್ಪರದಡಿ ಒಬ್ಬರೇ ಕೂರುವ ಜಲಾಂತರ್ಗಾಮಿಯನ್ನು ಕಟ್ಟಿದ್ದು ಇದಕ್ಕಾಗಿಯೇ. ದಪ್ಪ ಉಕ್ಕಿನ ಗುಂಡು, ಅದರ ನೆತ್ತಿಗೆ ಪಾರದರ್ಶಕ ಗುಮ್ಮಟ, ಮುಂದೆ ಎರಡು ಕಬ್ಬಿಣದ ಕೈ. ಒಳಗೆ ಭೂಮಿಯ ಮೇಲಿನಷ್ಟೇ ಗಾಳಿಯ ಒತ್ತಡ ಇರುವುದರಿಂದ ರಕ್ತದಲ್ಲಿ ಗುಳ್ಳೆ ಏಳುವ ಪ್ರಶ್ನೆಯೇ ಇಲ್ಲ.

ಮನೆಯಲ್ಲೇ ಜಲಾಂತರ್ಗಾಮಿ ಕಟ್ಟಿ ಸತ್ತವರ ಕತೆಗಳನ್ನು ಅವಳು ಚೆನ್ನಾಗಿ ಓದಿಕೊಂಡಿದ್ದಳು. ಬಹುತೇಕರನ್ನು ಕೊಂದದ್ದು ಸಮುದ್ರವಲ್ಲ, ಗಾಬರಿ. ಉಸಿರು ಕಟ್ಟಿದ ಮನುಷ್ಯ ತಪ್ಪು ಸನ್ನೆಗೋಲನ್ನೇ ಎಳೆಯುತ್ತಾನೆ. ದಡದಲ್ಲಿರುವವರು ಕಾಣದೆಯೇ ಆಜ್ಞೆ ಕೊಡುತ್ತಾರೆ. ಆದ್ದರಿಂದ ಅವಳು ಸನ್ನೆಗೋಲನ್ನೇ ಇಡಲಿಲ್ಲ, ದಡದ ಆಜ್ಞೆಗೂ ಜಾಗ ಕೊಡಲಿಲ್ಲ. ಬದಲಿಗೆ 'ಕಾವಲು' ಎಂಬ ಯಂತ್ರಬುದ್ಧಿಯನ್ನು ಕೂರಿಸಿದಳು. ಅಪಾಯದ ವಾಸನೆ ಬಂದರೆ ಕಾವಲು ಹೊಟ್ಟೆಯಡಿಯ ಕಬ್ಬಿಣದ ಭಾರವನ್ನು ಕಳಚುತ್ತದೆ, ಹಗುರಾದ ಗುಂಡು ತಾನಾಗಿ ತೇಲಿ ಬರುತ್ತದೆ. ಅದಕ್ಕೆ ಮೊದಲು ಒಂದೇ ಪ್ರಶ್ನೆ: ಮೇಲೆ ಅಡ್ಡಿ ಇದೆಯೇ? ಇದ್ದರೆ ಪಕ್ಕಕ್ಕೆ ಸರಿದು ಆಮೇಲೆ ಏರುತ್ತದೆ. ಬಂಡೆ, ದೋಣಿಗಳನ್ನು ಅದು ಶಬ್ದದ ಪ್ರತಿಧ್ವನಿಯಿಂದ ತಾನೇ ಅರಿಯಬಲ್ಲದು. ಆದರೆ ನೈಲಾನ್ ಬಲೆಯ ಎಳೆಗಳು ಶಬ್ದಕ್ಕೆ ಸಿಕ್ಕುವುದಿಲ್ಲ, ಕಣ್ಣಿಗೆ ಮಾತ್ರ ಕಾಣುತ್ತವೆ. ಅಷ್ಟರ ಮಟ್ಟಿಗೆ ಕಾವಲು ಮನುಷ್ಯನ ಮಾತನ್ನು ನಂಬುತ್ತಿತ್ತು.

ಪರೀಕ್ಷೆಗಳೆಲ್ಲ ಹೂವೆತ್ತಿದಷ್ಟು ಸಲೀಸಾಗಿ ಮುಗಿದವು. ಕೋಡಿಯ ಹೆಂಗಸರು, ಗಂಡಸರು ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದು, ತಲೆ ಬಾಚಿಕೊಂಡು ಯಂತ್ರದ ಮುಂದೆ ಕೂತು "ಮೇಲೆ ಬಲೆ ಇದೆ", "ಮೇಲೆ ಬಲೆ ಇಲ್ಲ" ಎಂದು ಹೇಳಿದರು. ಕಾವಲು ಒಮ್ಮೆಯೂ ತಪ್ಪಲಿಲ್ಲ.

ಮಳೆಗಾಲ ಕಳೆದ ಮೇಲೆ ಚರಣಣ್ಣ ಮೊದಲ ಸಲ ನಿಜವಾದ ಕೆಲಸಕ್ಕೆ ಇಳಿದರು. ಹದಿನೈದು ಮಾರು ಆಳ. ಕಬ್ಬಿಣದ ಕೈಗಳಿಂದ ಪಚ್ಚಿಲೆ ಕೆರೆಯುತ್ತ ಹಳೆಯ ಹಾಡೊಂದನ್ನು ಗುನುಗುತ್ತಿದ್ದರು. ನೀರಿನೊಳಗೆ ರೇಡಿಯೊ ಅಲೆ ಸಾಗುವುದಿಲ್ಲವಾದ್ದರಿಂದ ಶಬ್ದದ ಮೇಲೆಯೇ ನಡೆಯುವ ಫೋನಿತ್ತು. ದಡದ ಚಪ್ಪರದಲ್ಲಿ ಮೇದಿನಿ, ಸುಪ್ರೀತಕ್ಕ ಇಬ್ಬರೂ ಅದಕ್ಕೆ ಕಿವಿಯಾಗಿದ್ದರು.

"ತಳದ ಬೆಸುಗೆಯಲ್ಲಿ ನೀರು ಒಸರುತ್ತಿದೆ," ಎಂದಿತು ಕಾವಲು. "ಮೇಲೇರಬೇಕು. ಮೇಲೆ ಅಡ್ಡಿ ಇದೆಯೇ?"

ಚರಣಣ್ಣ ತಲೆ ಎತ್ತಿ ನೋಡಿದರು. ಯಾವುದೋ ದೊಡ್ಡ ದೋಣಿ ಕಳೆದುಕೊಂಡ ಬಲೆ, ಸತ್ತ ಏಡಿಗಳ ಸಮೇತ, ಗುಮ್ಮಟದ ನೆತ್ತಿಯ ಮೇಲೆ ತೇಲಿ ಬಂದು, ಅಂಚು ಬಂಡೆಗಳಿಗೆ ಸಿಕ್ಕಿ ನಿಂತಿತ್ತು. ಟೀವಿಯ ಕನ್ನಡ ಎಲ್ಲಿಗೆ ಹೋಯಿತೋ, ತಾಯಿ ಕಲಿಸಿದ ಮಾತು ಬಾಯಿಗೆ ಬಂತು.

"ಬಲೆ ಇತ್ತ್! ಮೇಲ್ ದೊಡ್ಡ ಬಲೆ ಇತ್ತ್ ಮಾರಾಯ!"

ಕುಂದಾಪುರದಲ್ಲಿ 'ಇತ್ತ್' ಎಂದರೆ ಈಗ ಇದೆ ಎಂದರ್ಥ. ಪಕ್ಕದ ಊರು ಕೋಟದ ಮಗಳಾದ ಮೇದಿನಿಗೆ ಅದು ಎಷ್ಟು ಸಹಜವೆಂದರೆ, ಕಾವಲು ಇನ್ನು ಪಕ್ಕಕ್ಕೆ ಸರಿಯುತ್ತದೆ ಎಂದು ಸಮಾಧಾನಪಟ್ಟಳು.

"ಬಲೆ ಇತ್ತು. ಅರ್ಥವಾಯಿತು," ಎಂದಿತು ಕಾವಲು. "ಈಗ ದಾರಿ ತೆರವಾಗಿದೆ. ಭಾರ ಕಳಚುತ್ತಿದ್ದೇನೆ."

"ಹ್ವಾಯ್, ಇತ್ತ್ ಅಂದೆ ಅಲ್ದಾ! ಇತ್ತ್! ಇತ್ತ್!"

"ಇತ್ತು. ಅರ್ಥವಾಯಿತು."

"ಚರಣಣ್ಣ, 'ಇದೆ' ಅಂತ ಹೇಳಿ! ಇದೆ ಅನ್ನಿ!" ಎಂದು ಮೇದಿನಿ ಗಂಟಲು ಹರಿಯುವಂತೆ ಕೂಗಿದಳು. ಆದರೆ ಕಾವಲು ಮಾತಾಡುವಾಗ ದಡದ ಮಾತು ಒಳಕ್ಕೆ ಹೋಗುತ್ತಿರಲಿಲ್ಲ. ಗೊಂದಲವಾಗದಿರಲಿ ಎಂದು ಅವಳೇ ಹಾಗೆ ಮಾಡಿದ್ದಳು. ಮಾತು ಮುಟ್ಟುವ ಹೊತ್ತಿಗೆ ಭಾರ ಕಳಚಿ ಆಗಿತ್ತು. ಗುಂಡು ಎದ್ದು ನೇರ ಬಲೆಯೊಳಗೆ ನುಗ್ಗಿತು.

"ಮೇಲೆ ಬಲೆ ಇದೆ," ಎಂದು ಚರಣಣ್ಣ ಈಗ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.

"ಅರ್ಥವಾಯಿತು. ಮೇಲೇರುವುದು ಅಪಾಯಕರ."

ಆಮೇಲೆ ನಡೆದದ್ದನ್ನು ಹೇಳಲು ಹೆಚ್ಚೇನಿಲ್ಲ. ಯಾರಿಂದಲೂ ಏನೂ ಮಾಡಲಾಗಲಿಲ್ಲ. ಕೋಡಿಯ ದೋಣಿಗಳೆಲ್ಲ ಹೊರಟವು. ಬಲೆಯನ್ನು ಎಳೆದರೆ ಅದು ಇನ್ನಷ್ಟು ಬಿಗಿಯುತ್ತಿತ್ತು. ಚೂರಿ ಕಚ್ಚಿಕೊಂಡು ಮುಳುಗಿದವರಿಗೆ ಕದಡಿದ ನೀರಿನಲ್ಲಿ ತಮ್ಮ ಕೈಯೇ ಕಾಣಲಿಲ್ಲ, ಒಬ್ಬನ ಕಾಲೂ ಬಲೆಗೆ ಸಿಕ್ಕಿ ಅವನನ್ನು ಬಿಡಿಸಿ ತರುವುದೇ ದೊಡ್ಡ ಕೆಲಸವಾಯಿತು. ರಕ್ಷಣಾ ಹಡಗು ದೂರದಲ್ಲಿತ್ತು. ಕಾವಲಿಗೂ ಫೋನಿಗೂ ಬೇರೆ ಬ್ಯಾಟರಿ ಇತ್ತು, ಆದರೆ ಒಸರಿದ ನೀರು ತಳದ ಬ್ಯಾಟರಿಯನ್ನು ಮುಟ್ಟಿ ಒಳಗಿನ ಫ್ಯಾನ್ ನಿಂತಿತು. ನಾವು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವ ಸುಣ್ಣದ ಹರಳುಗಳ ಡಬ್ಬಿಯ ಕಡೆಗೆ ಗಾಳಿಯನ್ನು ತಳ್ಳುತ್ತಿದ್ದುದೇ ಆ ಫ್ಯಾನ್.

"ಜೀವ್ಮಾನ ಇಡೀ ಬಲೆ ಹಾಕ್ದೆ. ಈಗ ನಾನೇ ಬಿದ್ದೆ ಕಾಣ್," ಎಂದು ಚರಣಣ್ಣ ಹೆಂಡತಿಯೊಡನೆ ತಮಾಷೆ ಮಾಡಿದರು. ಸುಪ್ರೀತಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಮಗುವಿಗೆ ಹೇಳುವಂತೆ, "ಹೆದ್ರ್‌ಬೇಡಿ, ಬತ್ತಾ ಇದ್ರ್, ಎಲ್ಲಾ ಬತ್ತಾ ಇದ್ರ್," ಎನ್ನುತ್ತಲೇ ಇದ್ದರು.

"ತಮ್ಮ ಆರೋಗ್ಯ ಹೇಗಿದೆ?" ಎಂದು ಕಾವಲು ನಡುವೆ ಬಾಯಿ ಹಾಕಿತು.

"ನಿದ್ರೆ ಬತ್ತಾ ಇತ್ತ್."

"ನಿದ್ರೆ ಬರುತ್ತಾ ಇತ್ತು. ಈಗ ಇಲ್ಲ. ಸಂತೋಷ."

ಮೇದಿನಿ ತಾನು ಕಟ್ಟಿದ ಯಂತ್ರಕ್ಕೆ, "ಅಯ್ಯೋ, ಸುಮ್ನಿರೇ ಮಾರಾಯ್ತಿ!" ಎಂದು ಕೈಮುಗಿದು ಅತ್ತಳು. ಅವಳ ಮಾತನ್ನು ಕೇಳದ ಹಾಗೆ ಅದನ್ನು ಕಟ್ಟಿದವಳೂ ಅವಳೇ.

ಸಂಜೆ ರಕ್ಷಣಾ ಹಡಗು ಬಂದು ಗುಂಡನ್ನು ಮೇಲೆತ್ತಿದಾಗ ಚರಣಣ್ಣ ಗುಮ್ಮಟಕ್ಕೆ ತಲೆಯಾನಿಸಿ ಮಲಗಿದಂತಿದ್ದರು. ಜೀವ ಹೋಗಿತ್ತು.

ದೋಷ ಸರಿಪಡಿಸುವುದು ಒಂದು ಮಧ್ಯಾಹ್ನದ ಕೆಲಸ. 'ಇತ್ತ್' ಎಂದರೆ 'ಇದೆ', 'ಇದ್ರ್' ಎಂದರೆ 'ಇದ್ದಾರೆ'. ಅಷ್ಟನ್ನು ಕಲಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗಲಿಲ್ಲ, ಮತ್ತು ಮೇದಿನಿಯನ್ನು ಸುಟ್ಟದ್ದು ಅದೇ. ಕಾವಲಿಗೆ ಕನ್ನಡ ಬಂದದ್ದು ಎಲ್ಲಿಂದ ಎಂದು ಅವಳು ಹುಡುಕುತ್ತ ಹೋದಳು. ಇಪ್ಪತ್ತರ ದಶಕದಲ್ಲಿ, ಜನ ಆಗಷ್ಟೇ ಫೋನಿನ ಜೊತೆ ಮಾತಾಡತೊಡಗಿದ್ದ ಕಾಲದಲ್ಲಿ, ಯಂತ್ರಗಳಿಗೆಂದು ಕೂಡಿಸಿಟ್ಟ ಮಾತು ಅದು. ಅದರಲ್ಲಿ ಕುಂದಾಪುರದವರ ದನಿಗಳೂ ಸಾಕಷ್ಟಿದ್ದವು. ಆದರೆ ಒಬ್ಬರೂ 'ಇತ್ತ್' ಅಂದಿರಲಿಲ್ಲ. ಯಂತ್ರದ ಮುಂದೆ ಮನೆಮಾತು ಆಡುವುದು ಮರ್ಯಾದೆಯಲ್ಲ ಎಂದುಕೊಂಡು ಎಲ್ಲರೂ ಪುಸ್ತಕದ ಕನ್ನಡ ಆಡಿದ್ದರು. ಬಾಯಿತಪ್ಪಿ ಬಂದ ಒಂದೆರಡನ್ನು ಯಾರೋ ತಿದ್ದಿಯೂ ಇದ್ದರು.

ಇನ್ನೂ ಯಾವ ಮಾತು ಬಿಟ್ಟುಹೋಗಿದೆಯೋ ಎಂದು ಅವಳು ಕೋಡಿಯವರನ್ನು ಮತ್ತೆ ಕರೆದಳು. "ಮನೆಯಲ್ಲಿ ಹೇಗೋ ಹಾಗೇ ಮಾತಾಡಿ," ಎಂದು ಬೇಡಿಕೊಂಡಳು. ಜನ ನಾಚಿಕೊಂಡರು, ಒಬ್ಬರನ್ನೊಬ್ಬರು ತಿವಿದರು, ಕೊನೆಗೆ ಪುನಃ "ಮೇಲೆ ಬಲೆ ಇದೆ" ಎಂದೇ ಹೇಳಿದರು.

ಎಲ್ಲರೂ ಹೋದ ಮೇಲೆ ಸುಪ್ರೀತಕ್ಕ ಬಂದರು. ಯಾರೂ ಅವರನ್ನು ಕರೆದಿರಲಿಲ್ಲ. ಕರೆಯಲು ಮೇದಿನಿಗೆ ಮುಖವಿರಲಿಲ್ಲ. ಮೂಲೆಯಲ್ಲಿ ನಿಂತಿದ್ದ ಖಾಲಿ ಗುಂಡನ್ನೊಮ್ಮೆ ನೋಡಿ ಅವರು ಯಂತ್ರದ ಮುಂದೆ ಕೂತರು.

"ಒಳಗೆ ಯಾರಿದ್ದಾರೆ?" ಎಂದು ಕಾವಲು ವಾಡಿಕೆಯಂತೆ ಕೇಳಿತು.

ಸುಪ್ರೀತಕ್ಕ ಗುಂಡಿನ ಕಡೆಗೆ ಇನ್ನೊಮ್ಮೆ ತಿರುಗಿದರು.

"ನಮ್ಮನೆಯವ್ರ್ ಇದ್ರ್."

"ನಿಮ್ಮ ಮನೆಯವರು ಒಳಗೆ ಇದ್ದಾರೆ. ಅರ್ಥವಾಯಿತು."

ಕಲಿಸುವಾಗ ಯಂತ್ರದ ಪ್ರತಿ ಉತ್ತರಕ್ಕೂ 'ಸರಿ' ಅಥವಾ 'ತಪ್ಪು' ಗುಂಡಿ ಒತ್ತಬೇಕು. ಮೇದಿನಿಯ ಬೆರಳು ಎರಡರ ನಡುವೆ ನಿಂತುಬಿಟ್ಟಿತು. ಯಾವುದನ್ನು ಒತ್ತಲೂ ಅವಳಿಂದಾಗಲಿಲ್ಲ.

"ಸರಿಯಾಯ್ ಹೇಳ್ತ್ ಅಲ್ದಾ ಡಾಕ್ಟ್ರೆ," ಎಂದ ಸುಪ್ರೀತಕ್ಕ ತಾವೇ ಕೈಚಾಚಿ 'ಸರಿ' ಒತ್ತಿದರು.