ನುಂಗಿದ ಹೊತ್ತು

ಆ ದಿನ ಬೆಳಗ್ಗೆ ಮಂಜು ಕವಿದು, ಎದುರುಮನೆಯ ದೀಪ ಬೂದಿ ಮುಚ್ಚಿದ ಕೆಂಡದಂತೆ ಮಿಣುಕುತ್ತಿತ್ತು. ಅಂಥ ಮಂಜಿನಲ್ಲೇ ಅತ್ತೆಯನ್ನು ಆಸ್ಪತ್ರೆಗೆ ಹೊತ್ತು ತಂದಿದ್ದರು. ಹಿಡಿದ ಜ್ವರ ಬಿಟ್ಟಿರಲಿಲ್ಲ. ಈಗ ನಿಲ್ಲದ ವಾಂತಿ ಬೇರೆ. ತಲೆ ಹಿಡಿದುಕೊಳ್ಳಲು ಹೋದ ಸೊಸೆಗೆ ನಾದಿನಿ ಅಡ್ಡ ನಿಂತಳು.

"ಮುಟ್ಟಬೇಡಿ ಅತ್ತಿಗೆ. ಮಾತ್ರೆ ಕೊಟ್ಟು ಕೊಟ್ಟು ಇಲ್ಲಿಗೆ ತಂದು ಮಲಗಿಸಿದ್ದು ಸಾಲದಾ?"

ಸೊಸೆ ತವರಿನಿಂದ ತಂದ ತಗಡಿನ ಡಬ್ಬಿಯೊಂದಿತ್ತು. ಮನೆಯ ಔಷಧಿಯೆಲ್ಲ ಅದರೊಳಗೆ. "ನಿನ್ನ ಕೈಮದ್ದು ಸಾಕು" ಎಂದು ಅತ್ತೆ ಆಸ್ಪತ್ರೆಗೆ ಹೊರಡುವಾಗ ಅದನ್ನು ಕಿತ್ತುಕೊಂಡಿದ್ದರು. ಈಗಲೂ ಕಂಬಳಿಯೊಳಗೆ ಅವರ ಕೈ ಅದನ್ನು ಬಿಟ್ಟಿರಲಿಲ್ಲ.

ಡಾಕ್ಟರು ರಕ್ತಪರೀಕ್ಷೆಯ ವರದಿ ಹಿಡಿದು ಬಿರುಸಾಗಿ ಬಂದರು. "ರಕ್ತದಲ್ಲಿ ಪ್ಯಾರಾಸಿಟಮಾಲ್ ಮಿತಿಮೀರಿದೆ. ಎಷ್ಟು ಕೊಡ್ತಿದ್ರಿ?"

"ಬರೆದುಕೊಟ್ಟಷ್ಟೇ... ಹೊತ್ತಿಗೊಂದು," ಎಂದಳು ಸೊಸೆ.

"ಅಷ್ಟಕ್ಕೆ ಇಷ್ಟು ಏರೋದಿಲ್ಲ."

ಎಲ್ಲರ ಕಣ್ಣೂ ಅವಳ ಮೇಲೆ. ಗಂಡ ಕೂಡ, "ನಿಜ ಹೇಳೇ," ಎಂದುಬಿಟ್ಟ! ಅವಳ ಎದೆ ಹಸಿಮಡಕೆಯಂತೆ ಕುಸಿಯಿತು.

"ಜಗಳ ಆಮೇಲೆ," ಎಂದರು ಡಾಕ್ಟರು. "ಲಿವರ್ ಉಳಿಸೋ ಮದ್ದು ಈಗಲೇ ಹಾಕ್ತೀನಿ. ಆದ್ರೆ ಏನೇನು ನುಂಗಿದ್ರು, ಕೊನೇ ಸಲ ಯಾವಾಗ ಅಂತ ಗೊತ್ತಾಗಬೇಕು. ನುಂಗಿದ ಹೊತ್ತು ತಪ್ಪು ಹೇಳಿದ್ರೆ ವರದಿಯ ಈ ಅಂಕಿ ನಮ್ಮನ್ನೇ ದಾರಿ ತಪ್ಪಿಸುತ್ತೆ."

ಅತ್ತೆ ಕಣ್ಣು ಮುಚ್ಚಿ, ತುಟಿ ಬಿಗಿದುಕೊಂಡರು. ಆ ಮುಚ್ಚಿದ ಬಾಯೊಳಗೆ ಏನೋ ಇದೆಯೆಂದು ಸೊಸೆಗೆ ಹೊಳೆಯಿತು. ದೇವರನ್ನು ನೆನೆದು, ಮಂಚದ ಪಕ್ಕ ಮಂಡಿಯೂರಿದಳು.

"ಅತ್ತೆ, ಎಲ್ಲಾ ನಾನೇ ಕೊಟ್ಟೆ ಅಂತ ಊರಿಗೆಲ್ಲ ಹೇಳಿ, ತಲೆ ತಗ್ಗಿಸ್ತೀನಿ. ಯಾವಾಗ ನುಂಗಿದ್ರಿ ಅನ್ನೋದು ಮಾತ್ರ ನಿಜ ಹೇಳಿ... ಅಪವಾದ ಹೊತ್ಕೊಂಡಾದ್ರೂ ಬದುಕ್ತೀನಿ. ನೀವಿಲ್ಲದ ಮನೇಲಿ ನಾನು ಯಾರ ಹತ್ರ ಬೈಸಿಕೊಳ್ಳಲಿ?"

ಅತ್ತೆಯ ರೆಪ್ಪೆ ಒದ್ದೆಯಾಯಿತು.

"ನಿನ್ನ ಬಿಳಿ ಮಾತ್ರೆ ಮೇಲೆ ನಂಬಿಕೆ ಇರಲಿಲ್ಲ ಕಣೆ... ನೀನು ಎದುರಿಗೆ ನಿಂತಿರ್ತಿದ್ದೆ ಅಂತ ನುಂಗ್ತಿದ್ದೆ. ನೀನು ಆಕಡೆ ಹೋದ್ಮೇಲೆ ಮಗಳು ತಂದ ಹಳದಿ ನೆಗಡಿ ಮಾತ್ರೆ, ಮಗನ ತಲೆನೋವಿನ ಕೆಂಪು ಗುಳಿಗೆ... ಪ್ರತಿಸಲಾನೂ. ಇವತ್ತು ಹಾಲಿನವನು ಬಾಗಿಲು ತಟ್ಟಿದಾಗ ಮೂರನ್ನೂ ಒಟ್ಟಿಗೆ."

"ಬಣ್ಣ ಬೇರೆ ಅಷ್ಟೇ ತಾಯಿ. ಮೂರರೊಳಗೂ ಇರೋದು ಅದೇ ಮದ್ದು," ಎಂದ ಡಾಕ್ಟರು ಆಗಲೇ ನರ್ಸಿನತ್ತ ತಿರುಗಿದ್ದರು.

ನಾದಿನಿ ಗೋಡೆಗೆ ಒರಗಿದಳು. "ಅದನ್ನ ತಂದುಕೊಟ್ಟವಳು ನಾನೇ, ಅತ್ತಿಗೆ..."

"ನೀನು ನೆಗಡಿಗೆ ಅಂತ ತಂದೆ, ತಪ್ಪೇನು? ಅಮ್ಮನ ಕಾಲು ಒತ್ತು, ತಣ್ಣಗಿದೆ," ಎಂದಳು ಸೊಸೆ.

ಮದ್ದು ಹನಿಹನಿಯಾಗಿ ಇಳಿಯಿತು. ಮತ್ತೆ ರಕ್ತ ತೆಗೆದರು, ಮತ್ತೆ ಕಾದರು. ಮರುದಿನ ಗಂಡ ಪಡಸಾಲೆಯುದ್ದಕ್ಕೂ ಓಡಿಬಂದ, ಒಂದೇ ಚಪ್ಪಲಿಯಲ್ಲಿ.

"ಅಂಕಿ ಇಳೀತು! ಲಿವರಿಗೂ ಏನೂ ಆಗಿಲ್ವಂತೆ!"

"ಇದು ಆಸ್ಪತ್ರೆ, ಸಂತೆ ಅಲ್ಲ," ಎಂದು ಗದರಿದ ನರ್ಸಮ್ಮನೂ ನಕ್ಕುಬಿಟ್ಟಳು. ಅವನು ಹೆಂಡತಿಯ ಮುಖ ನೋಡಲಾರದೆ ಇನ್ನೊಂದು ಚಪ್ಪಲಿ ಹುಡುಕುವ ನೆಪ ಮಾಡಿದ.

ಗಲಾಟೆ ಅಡಗಿದ ಮೇಲೆ ಅತ್ತೆ ಕಂಬಳಿಯೊಳಗಿಂದ ಡಬ್ಬಿ ತೆಗೆದರು. ದಿಂಬಿನ ಪಕ್ಕದಲ್ಲಿದ್ದ ತಮ್ಮ ಕೈಚೀಲದ ತಳದಲ್ಲಿ ಉಳಿದಿದ್ದ ಹಳದಿ, ಕೆಂಪು ಮಾತ್ರೆಗಳನ್ನೂ ಅದರೊಳಗೆ ಹಾಕಿ ಮುಚ್ಚಳ ಒತ್ತಿದರು. ಮುಖವನ್ನು ಗೋಡೆಗೆ ತಿರುಗಿಸಿಕೊಂಡು, ಡಬ್ಬಿಯನ್ನು ಸೊಸೆಯ ಮಡಿಲಲ್ಲಿಟ್ಟು, ಕೈಯನ್ನು ಅಲ್ಲೇ ಬಿಟ್ಟರು.